ಮಬ್ಬು ಬೆಳಕಿಗೆ ಐದು ಕಡಿತ

ಜೂನ್ 1, ಭಾನುವಾರ. ಸಂಜೆ 7

ಆಟ ಮುಗಿಸಿ ನಾರಾಯಣಪೇಟೆಯಿಂದ ಮಕ್ತಲ್‌ವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ಪಕ್ಕದವನು ಗುಟ್ಕಾ ಜಗಿದು ನನ್ನ ಭುಜದ ಮೇಲಿಂದ ಕಿಟಕಿಯಾಚೆ ಉಗುಳಿದ. ಥೂ. ಬಂದವಳೇ ದುಪಟ್ಟಾ ಎರಡು ಸಲ ಒಗೆದೆ.

ಆಟದಲ್ಲೂ ಮೈ ಉರಿಯಿತು. ಗಣೇಶನ ಸೀರೆ ಅಂಗಡಿಯ ಒಳಕೋಣೆ, ಡೈಸ್ ಉರುಳಿಸಿ ಕಥೆ ಕಟ್ಟುವ ಆಟ, ಎರಡು ವರ್ಷದಿಂದ ಪ್ರತಿ ಭಾನುವಾರ. ಅವನು ಕಥೆ ನಡೆಸುವ ಮಾಸ್ಟರ್, ರಟ್ಟಿನ ಸ್ಕ್ರೀನ್ ಹಿಂದೆ ಕೂರುತ್ತಾನೆ. ಈಚೆ ನಾನು, ಕಾವ್ಯ, ಗದ್ವಾಲದ ಬಾಲರಾಜ. ಒಬ್ಬೊಬ್ಬರಿಗೂ ಒಂದು ಪಾತ್ರ. ನನ್ನದು ನಾಗವ್ವ, ಕೋಟೆಯ ಕಾವಲುಗಾರ್ತಿ. ಪರ್ಸೆಪ್ಷನ್, ಅವಳ ಕಣ್ಣಿನ ಚುರುಕು, ಹದಿನಾರು. ಅಂದರೆ ಹುಡುಕದೆ, ಡೈಸ್ ಉರುಳಿಸದೆ, ಸುಮ್ಮನೆ ನಿಂತಿದ್ದರೂ ಹದಿನಾರರೊಳಗೆ ಅಡಗಿದವರೆಲ್ಲ ಕಣ್ಣಿಗೆ ಬೀಳಬೇಕು. ಇವತ್ತು ಶತ್ರುವಿನ ಗೂಢಚಾರನೊಬ್ಬ ಅಡಗಲು ಹದಿಮೂರು ಹಾಕಿದ. ನನಗೆ ಕಾಣಲಿಲ್ಲವಂತೆ.

"ಮಬ್ಬು ಬೆಳಕು ಐತಿ ವಿಜಯಕ್ಕ. ಐದು ಕಡಿತ. ನಿಮ್ದು ಹನ್ನೊಂದು ಆತು," ಅಂದ ಗಣೇಶ.

"ಮಬ್ಬಿನ್ಯಾಗ ಬಣ್ಣ ತಿಳಿಯಂಗಿಲ್ಲ, ಅಷ್ಟ. ಅಲುಗಾಡಿದ್ದು ಕಾಣ್ತದ. ದಿನಾ ಕತ್ತಲ ಖೋಲ್ಯಾಗ ಮಂದಿ ಕಣ್ಣು ನೋಡ್ತೀನಿ ನಾ."

"ಅದು ನಿಮ್ಮ ಚಷ್ಮಾ ಅಂಗಡ್ಯಾಗ. ಇದು ಪುಸ್ತಕದಾಗಿನ ರೂಲ್."

ರೂಲ್ ಬರೆದವನ ಕಣ್ಣು ಪರೀಕ್ಷೆ ಮಾಡಬೇಕು. ಸಾಲದ್ದಕ್ಕೆ ಬಾಲರಾಜ ಮಿರ್ಚಿ ತಿಂದ ಕೈಯಲ್ಲೇ ನನ್ನ ಡೈಸ್ ಮುಟ್ಟಿದ. ಎಣ್ಣೆ.

ಆದರೂ ಮುಂದಿನ ವಾರ ಹೋಗುವವಳೇ. ಮೂವತ್ತೊಂದು ವರ್ಷ ನನಗೆ. ಕನ್ಯಾ ನೋಡಲು ಬಂದವರ ಮುಂದೆ ಒಂಬತ್ತು ಸಲ ಚಹಾದ ತಟ್ಟೆ ಹಿಡಿದು ಕೂತಿದ್ದೇನೆ. ಒಬ್ಬಳು ಜಡೆ ಎಳೆದು ನೋಡಿದಳು, ಚೌರಿ ಇದೆಯೇನೋ ಅಂತ. ಇನ್ನೊಬ್ಬರು ಅಂಗಳದ ತುದಿವರೆಗೆ ನಡೆಸಿದರು. ಈ ಯುಗಾದಿಗೆ ಅವ್ವನಿಗೆ ಹೇಳಿಬಿಟ್ಟೆ — ಇನ್ನು ಯಾರ ಮುಂದೆಯೂ ಕೂರುವುದಿಲ್ಲ. ಆಯಿತು ಅಂದಳು. ಆ ಒಳಕೋಣೆಯಲ್ಲಿ ಮಾತ್ರ ನನ್ನನ್ನು ಯಾರೂ ತೂಗುವುದಿಲ್ಲ. ಅಲ್ಲಿ ನಾನು ನಾಗವ್ವ.

ಜೂನ್ 8, ಭಾನುವಾರ

ಹೊಸಬ ಬಂದಿದ್ದಾನೆ. ವಿನಯ. ನದಿಯಾಚೆಯ ರಾಯಚೂರಿನವನು, ಗದ್ವಾಲದಲ್ಲಿ ಬೀಜದ ಕಂಪನಿಯಲ್ಲಿ ಕೆಲಸ, ಗಣೇಶನ ದೋಸ್ತ್. ಕಳ್ಳನ ಪಾತ್ರ ತೆಗೆದುಕೊಂಡ. ಕಂಬ ಕಂಡರೆ ಅಡಗುತ್ತಾನೆ, ಗೋಡೆ ಕಂಡರೆ ಅಡಗುತ್ತಾನೆ. ನಾನು ನೇರ ನೋಡುತ್ತಿರುವಾಗಲೂ ಅಡಗುತ್ತೇನೆ ಅಂದ.

"ನೋಡೋರ ಎದುರಿಗೆ ಅಡಗಾಕ ಬರಂಗಿಲ್ಲ. ಮೊದಲು ಮರೆಗೆ ಹೋಗ್ರಿ, ಆಮ್ಯಾಲೆ ಡೈಸ್," ಅಂದೆ.

"ಹೌದ್ರಿ, ತಪ್ಪಾತು," ಅಂದ. ತಪ್ಪಾತು ಅನ್ನುವ ಗಂಡಸು ಈ ಮೇಜಿಗೆ ಹೊಸದು. ಉಗುರು ಸ್ವಚ್ಛ. ಡೈಸ್ ಮುಟ್ಟುವ ಮೊದಲು ಕೈ ಒರೆಸಿಕೊಂಡ.

ಕೋಣೆಯ ಬಾಗಿಲಲ್ಲೇ ಚಾಪೆ ಹಾಸಿ ಒಬ್ಬ ಹೆಂಗಸು ಸೀರೆ ನೋಡುತ್ತಿದ್ದಳು. ಎರಡು ತಾಸು. ಮೂವತ್ತು ಸೀರೆ ಬಿಚ್ಚಿಸಿದಳು, ಒಂದೂ ಕೊಳ್ಳಲಿಲ್ಲ. ಇಂಥವರನ್ನು ಕಂಡರೆ ಅಸಹ್ಯ. ಮಡಿಸುವವರು ಯಾರು?

ಜೂನ್ 10, ಮಂಗಳವಾರ

ಅಂಗಡಿಯಲ್ಲಿ ಒಬ್ಬ ಮುದುಕ. ತನಗಿಂತ ಮೊದಲು ಬಂದವರು ಓದುವುದನ್ನು ಬಾಗಿಲಲ್ಲಿ ನಿಂತು ಕೇಳಿ ಅಕ್ಷರ ಬಾಯಿಪಾಠ ಮಾಡಿಕೊಂಡು ಬಂದ. ಚಾರ್ಟ್ ತಿರುಗಿಸಿದೆ. ಅದೇ ಒಪ್ಪಿಸಿದ. ಕಾಣದಿದ್ದರೆ ಕಾಣದು ಅನ್ನಲು ಏನು ನಾಚಿಕೆ? ಚಷ್ಮಾಕ್ಕೆ ಉಗುಳು ಹಚ್ಚಿ ಒರೆಸಿ ನನ್ನ ಕೈಗೇ ಕೊಟ್ಟ.

ಜೂನ್ 22, ಭಾನುವಾರ. ಸಂಜೆ

ಆಟದಲ್ಲಿ ಹಾಳು ಕೋಟೆಯೊಂದರಲ್ಲಿ ಬೀಡು ಬಿಟ್ಟಿದ್ದೆವು. ಶತ್ರುಗಳು ನಾಗವ್ವನನ್ನು ಸುತ್ತುವರಿದರು. ವಿನಯನ ಕಳ್ಳ ಕಂಬದ ಹಿಂದೆ, ಯಾರಿಗೂ ಕಾಣುತ್ತಿಲ್ಲ, ಅಲ್ಲೇ ಇದ್ದಿದ್ದರೆ ಒಂದು ಗಾಯವೂ ಆಗುತ್ತಿರಲಿಲ್ಲ. ಅವರನ್ನು ತನ್ನ ಕಡೆ ಸೆಳೆಯಲು ಹೊರಗೆ ಬಂದು ಕೂಗಿದ. ಮಾತಾಡಿದ ಕೂಡಲೇ ಅಡಗಿದ್ದು ಮುಗಿಯಿತು, ಅದು ರೂಲ್. ಬಾಣಗಳೆಲ್ಲ ಅವನ ಮೈಗೆ, ಜೀವವೊಂದು ಉಳಿಯಿತು.

ಆಮೇಲೆ ಬೀಡಿನ ಬೆಂಕಿ ಮುಂದೆ ಕಳ್ಳ ಕೇಳಿದ: "ಯಾರರ ಕರದ್ರ ಈ ಕೋಟಿ ಬಿಟ್ಟು ನದಿ ದಾಟಿ ಬರ್ತಿದ್ದಿ ಏನು, ನಾಗವ್ವ?"

"ಕಾವಲು ಕೆಲಸ ಬಿಡಂಗಿಲ್ಲ. ನದಿ ಆಚಿನೂ ಕೋಟಿ ಇರ್ತಾವ. ಅಲ್ಲಿ ಮಾಡ್ತೀನಿ."

ನಕ್ಕ. ಬಾಗಿಲಲ್ಲಿ ಅದೇ ಹೆಂಗಸು, ಅವಳೂ ನಕ್ಕಳು. ಸೀರೆ ನೋಡುವವಳಿಗೆ ನಮ್ಮ ಮಾತೇಕೆ?

ವಿನಯ ಇಷ್ಟವಾಗುತ್ತಿದ್ದಾನೆ. ಬರೆದುಬಿಟ್ಟೆ. ಈ ಪುಟ ಹರಿದು ಹಾಕಬೇಕು.

ಜುಲೈ 1, ಮಂಗಳವಾರ

ಬೆಳಿಗ್ಗೆ ರೊಟ್ಟಿ ಬಡಿಯುತ್ತ ಅವ್ವ ಅಂದಳು, "ಅವರು ಒಪ್ಪ್ಯಾರ."

"ಯಾರು?"

"ವಿನಯನ ಮನಿಯವರು. ಅವರ ಸೋದರತ್ತಿ ನಾಕು ಐತವಾರ ಬಂದು ನೋಡ್ಯಾರ. ಹುಡುಗಿ ಮಾತಿನ್ಯಾಗ ಜೋರು, ಆದ್ರ ಚಲೋ ಅದಾಳ ಅಂದ್ರಂತ."

"ನಾ ಯಾರ ಮುಂದೂ ಕೂಡಂಗಿಲ್ಲ ಅಂದಿದ್ದೆ."

"ನೀ ಎಲ್ಲಿ ಕುಂತಿ? ನೀ ಆಟ ಆಡಿದಿ. ಅವರು ನೋಡಿದ್ರು."

ಬಚ್ಚಲಿಗೆ ಹೋಗಿ ಕೈ ಮುಖ ಎರಡು ಸಲ ತೊಳೆದೆ. ನಾಲ್ಕು ಭಾನುವಾರ. ನಾನು ತಿಂದದ್ದು, ನಕ್ಕದ್ದು, ಗಣೇಶನೊಡನೆ ಜಗಳಾಡಿದ್ದು, ಕಾಲ ಮೇಲೆ ಕಾಲು ಹಾಕಿ ಕೂತದ್ದು — ಎಲ್ಲ. ಸೀರೆ ಬಿಚ್ಚಿಸುತ್ತಿದ್ದ ಆ ಹೆಂಗಸು ಅಡಗಿರಲೂ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ, ಆರು ಹೆಜ್ಜೆ ದೂರ. ಬೆಳಕಿಗೆ ಕಡಿತವೂ ಇರಲಿಲ್ಲ. ಹೊಡೆತ ಬಿದ್ದ ಮೇಲೆ ಗೊತ್ತಾಯಿತು.

ಜುಲೈ 2

ಕಾವ್ಯಳಿಗೆ ಫೋನ್ ಮಾಡಿದೆ. ಆರನೇ ಕ್ಲಾಸಿನಿಂದ ಗೆಳತಿ.

"ನಿನಗ ಹೇಳಿದ್ರ ನೀ ಬರ್ತಿದ್ದಿಲ್ಲ, ವಿಜಿ. ನಿಮ್ಮವ್ವ ಅತ್ತು ಕೇಳಿದ್ರು. ಹುಡುಗನೂ ಚಲೋ ಅದಾನ. ಅದಕ್ಕ ನಾ ಗಣೇಶಗ ಹೇಳಿದೆ."

"ಬಾಲರಾಜಗೂ ಗೊತ್ತಿತ್ತೇನು?"

"ಊಟ ಆತೇನು ನಿಂದು?" ಅಂದಳು. ಅಂದರೆ ಗೊತ್ತಿತ್ತು. ಮೇಜಿನ ಸುತ್ತ ಐದು ಜನ, ಗೊತ್ತಿಲ್ಲದವಳು ಒಬ್ಬಳೇ. ಎಂಥ ಹೊಲಸು ಮಂದಿ. ನನ್ನ ಡಬ್ಬಿಯ ಚಕ್ಕುಲಿ ಹಂಚಿಕೊಂಡು ತಿಂದರಲ್ಲ.

ಜುಲೈ 5, ಶನಿವಾರ

ನಾಲ್ಕು ಗಂಟೆಗೆ ವಿನಯ ಅಂಗಡಿಗೆ ಬಂದ. ಕಣ್ಣು ತೋರಿಸಬೇಕು ಅಂದ. ಎಲ್ಲ ಗಿರಾಕಿಗಳಿಗೆ ಕೇಳುವ ಹಾಗೆ ಹೆಸರು, ವಯಸ್ಸು ಕೇಳಿ ಬರೆದುಕೊಂಡೆ. ಕುರ್ಚಿಯಲ್ಲಿ ಕೂರಿಸಿದೆ. ದೀಪ ಆರಿಸಿದೆ. ಕೊನೆಯ ಸಾಲಿನವರೆಗೂ ಓದಿದ.

"ಕಣ್ಣು ಸರಿ ಅದಾವ. ಯಾಕ ಬಂದ್ರಿ?"

"ನಿಮಗ ಎಲ್ಲಾ ಗೊತ್ತೈತಿ ಅಂತ ಕಾವ್ಯ ಅವರು ಹೇಳಿದ್ರು. ಚಹಾ ತಟ್ಟಿ ಹಿಡಿಯೋದು ಬ್ಯಾಡ, ಆಟದಾಗ ಭೆಟ್ಟಿ ಆಗೋಣ ಅಂತ ನೀವ ಅಂದ್ರಂತ. ನನಗ ಅದ ಭಾಳ ಸೇರಿತ್ತು. ನಿಮಗ ಏನೂ ಗೊತ್ತಿದ್ದಿಲ್ಲಂತ ನಿನ್ನೆ ಗಣೇಶ ಖರೇ ಹೇಳಿದ."

ಹೇಳುವಾಗ ಚಾರ್ಟ್ ಬಿಟ್ಟು ನನ್ನ ಕಡೆ ತಿರುಗಿದ್ದ. ನಂಬಿದೆ. ನಂಬಿದೆನಲ್ಲ ಅಂತ ನನ್ನ ಮೇಲೇ ಹೇಸಿಗೆಯಾಯಿತು.

"ನದಿ ದಾಟಿ ಬರ್ತಿದ್ದಿ ಏನು ಅಂತ ಕೇಳಿದ್ದು?"

"ನಾನ ಕೇಳಿದ್ದು. ಕಳ್ಳ ಅಲ್ಲ."

ಎದ್ದ. "ಇದನ್ನ ನಾ ಸರಿ ಮಾಡ್ತೀನ್ರಿ," ಅಂದ. ಹೇಗೆ ಅಂತ ಕೇಳಬೇಕಿತ್ತು. ದೀಪ ಹಾಕಿ ಮುಂದಿನವರನ್ನು ಕರೆದೆ.

ಜುಲೈ 6, ಭಾನುವಾರ

ಹೋಗಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ. ಮಧ್ಯಾಹ್ನವೆಲ್ಲ ಬಚ್ಚಲು ಉಜ್ಜಿದೆ.

ಜುಲೈ 9, ಬುಧವಾರ. ಮಧ್ಯಾಹ್ನ 2

ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಒಲೆ ಹಚ್ಚಿಲ್ಲ.

"ಬ್ಯಾಡ ಅಂದ್ರಂತ. ಹುಡುಗಗ ಮನಸಿಲ್ಲಂತ."

ಪಕ್ಕದ ಮನೆಯ ಸುಗುಣಮ್ಮ ಆಗಲೇ ಸಮಾಧಾನಕ್ಕೆ ಬಂದು ಎರಡು ಕಪ್ ಚಹಾ ಕುಡಿದು ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಎಲ್ಲಿ ಕಡಿಮೆಯಾಯಿತು ಅಂತ. ಹತ್ತನೆಯ ನಿರಾಕರಣೆ. ಅದೂ ಈ ಸಲ ಯಾರ ಮುಂದೂ ಕೂರದೆಯೇ.

ಫೋನಿನಲ್ಲಿ ವಿನಯನ ಮೆಸೇಜು. "ನೀವು ಬ್ಯಾಡ ಅಂದ್ರ ನಿಮ್ಮ ಮನ್ಯಾಗ ಜಗಳ ಆಗ್ತಿತ್ತು. ಅದಕ್ಕ ನಾನ ಬ್ಯಾಡ ಅಂದೀನ್ರಿ. ಇನ್ನ ನಿಮಗ ತ್ರಾಸಿಲ್ಲ."

ದೊಡ್ಡ ಉಪಕಾರ. ನಾನು ಬೇಡ ಅನ್ನುತ್ತಿದ್ದೆ ಎಂದು ಇವನಿಗೆ ಹೇಳಿದವರು ಯಾರು? ನನ್ನ ಪರವಾಗಿ ಅವ್ವ ಹೂಂ ಅಂದಳು. ನನ್ನ ಪರವಾಗಿ ಇವನು ಊಹೂಂ ಅಂದ. ಅವ್ವ ಕೆಟ್ಟವಳಲ್ಲ, ಇವನೂ ಕೆಟ್ಟವನಲ್ಲ, ಅದಕ್ಕೇ ಇನ್ನಷ್ಟು ಅಸಹ್ಯ. ಬಯ್ಯಲು ಅಂತ ಬರೆದೆ. ಅಳಿಸಿದೆ. ಮತ್ತೆ ಬರೆದೆ. ಅಳಿಸಿದೆ.

ಶನಿವಾರ ಎದುರಿಗೇ ಇದ್ದೆ. ಸರಿ ಮಾಡುತ್ತೇನೆ ಅನ್ನುವ ಬದಲು ನನ್ನನ್ನೇ ಕೇಳಬಹುದಿತ್ತು. ನಾಗವ್ವನನ್ನಲ್ಲ, ನನ್ನನ್ನು. ಒಂದೇ ಮಾತು. ಕೇಳಿದ್ದರೆ ನಾನು —