ಬುಡು ಟ್ಯಾಗಿನ ಒಳಗಿದ್ದದ್ದು

ಅ. 12, ಭಾನುವಾರ, ಬೆಳಗ್ಗೆ 11

ಎರಡನೇ ಕಾಫಿ. ನಾಗು ಇವತ್ತೂ ಹಾರ್ಡ್‌ವೇರ್ ಅಂಗಡಿಗೆ ಓಡಿದ. ಭಾನುವಾರನೂ! ಮದುವೆಯಾಗಿ ಇನ್ನೂ ಎರಡು ತಿಂಗಳಿಲ್ಲ, ಆಗಲೇ ಶಿರಾ ನನ್ನೂರು ಅನ್ನಿಸಿಬಿಟ್ಟಿದೆ. ಐ ಲವ್ ದಿಸ್ ಹೌಸ್.

ಮತ್ತೆ ಟ್ಯಾಗ್ ಕೆಲಸ — ಅಕ್ಷರ ಹೇಗೆ ಕಾಣಬೇಕು ಅಂತ ಸಾಲಿನ ಹಿಂದೆ ಮುಂದೆ ಹಾಕುವ ಗುರುತುಗಳು. ಅತ್ತೆ — ನಾನು ನೋಡದ ಅತ್ತೆ, ಕರಿಬಸಮ್ಮ, ತೀರಿಕೊಂಡು ಎರಡು ವರ್ಷ — ಈ ಕಡೆಯ ಶಿವನ ಪದಗಳನ್ನೆಲ್ಲ ಟೈಪ್ ಮಾಡಿಟ್ಟಿದ್ದಾರೆ. ಹುಲಿಕುಂಟೆ, ಮದಲೂರು, ಪಾವಗಡದ ತನಕ ಹೋಗಿ, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು, ಹಾಡುವವರ ಬಾಯಿಂದ ಕೇಳಿ ನೇರ ಟೈಪ್. ಎಷ್ಟು ಸ್ವೀಟ್! ಆ ಲ್ಯಾಪ್‌ಟಾಪ್ ಸತ್ತಿದೆ. ಪೆನ್‌ಡ್ರೈವ್ ಒಂದು ಉಳಿದಿದೆ. ಅದೀಗ ಆ್ಯಪ್‌ಗೆ ಹೋಗಬೇಕು — ಪದ, ಪುರಾಣ ಯಾರು ಬೇಕಾದರೂ ಫ್ರೀಯಾಗಿ ಓದುವ ಓಪನ್ ಸೋರ್ಸ್ ಆ್ಯಪ್. ನಡೆಸುವವರು ಮಧುಗಿರಿಯ ಶಿವರಂಜನಿ ಮೇಡಂ. ಅವರ ರೂಲ್: ಹಳೇ ಕಾಲದ ಟ್ಯಾಗ್ ಒಂದೂ ಉಳಿಯಬಾರದು. ಬದಲಾಯಿಸು, ಇಲ್ಲ ತೆಗೆ.

ಅತ್ತೆಯವರದ್ದೋ — ಬಣ್ಣದ ಟ್ಯಾಗ್, ಫಾಂಟ್ ಟ್ಯಾಗ್, ಮಿನುಗುವ ಟ್ಯಾಗ್ ಕೂಡ! ಶಿವನ ಹೆಸರು ಬಂದಲ್ಲೆಲ್ಲ ಮಿನುಗಬೇಕಂತೆ. ನಕ್ಕೂ ನಕ್ಕೂ ಸಾಕಾಯಿತು.

ಅವರು ಹೋದ ಮೇಲೆ ಮನೆಯಲ್ಲಿ ಸೋಮವಾರದ ಹಾಡು ನಿಂತಿದೆ. ಮಾವ ಕಾಯುತ್ತಿದ್ದಾರೆ. “ನಿನ್ ಫೋನಾಗೆ ಬರ್ಲಿ ಕಣಮ್ಮ. ಕಾರ್ತಿಕದ ಮೊದಲ್ನೇ ಸೋಮವಾರ ಸುರು ಮಾಡಾನ.”

ಅ. 14

ಒಂದು ವಿಚಿತ್ರ ಟ್ಯಾಗ್. ಬಿ-ಯು-ಡಿ-ಯು. ಬುಡು! ಅತ್ತೆಯವರೇ ಹುಟ್ಟಿಸಿದ್ದು. ಒಳಗೆ ಅರ್ಧಂಬರ್ಧ ಸಾಲುಗಳು. ಪದಕ್ಕೆ ಎರಡೋ ಮೂರೋ. ಎಡಿಟ್ ಮಾಡುವಾಗ ಬಿಡಬೇಕು ಅಂತ ಗುರುತು ಹಾಕಿರಬೇಕು.

ಅಂಗಡಿಗೆ ಫೋನ್ ಮಾಡಿದೆ. “ರೀ, ಅತ್ತೆ ಫೈಲಲ್ಲಿ ಬುಡು ಅಂತ ಟ್ಯಾಗಿದೆ. ಬಿಟ್ಟುಬಿಡು ಅಂತ ತಾನೇ?”

“ಸಿಮೆಂಟ್ ಲಾರಿ ಬಂದೈತೆ ಕಣೇ, ಬುಡು ಈಗ!”

ಸರಿ. ಆದರೂ ಗುಡ್ ಗರ್ಲ್ ನಾನು — ಇದೇ ಪದಗಳ ಅಚ್ಚಿನ ಪುಸ್ತಕ ಮನೆಯಲ್ಲಿದೆ, ಅದರ ಜೊತೆ ತಾಳೆ ನೋಡಿದೆ. ಬುಡು ಒಳಗಿನ ಸಾಲು ಅದರಲ್ಲಿ ಒಂದೂ ಇಲ್ಲ. ಹಾಗಾದರೆ ಪಕ್ಕಾ. ಟ್ಯಾಗ್, ಒಳಗಿದ್ದದ್ದು ಎಲ್ಲ ತೆಗೆಯೋ ಹಾಗೆ ಸ್ಕ್ರಿಪ್ಟ್ ಅನ್ನೋ ಪುಟ್ಟ ಪ್ರೋಗ್ರಾಂ ಬರೆದು ಓಡಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡ ಎಲ್ಲ ಫೈಲೂ ಕ್ಲೀನ್!

ಅ. 16

ಆ್ಯಪ್‌ನಲ್ಲಿ ಬಂತು!! ಅತ್ತೆ ಹೆಸರಿನ ಸಮೇತ. ಶಿವರಂಜನಿ ಮೇಡಂ ಹಾರ್ಟ್ ಕಳಿಸಿದರು. ಮಾವ ಫೋನನ್ನು ಕಣ್ಣಿಗೆ ಒತ್ತಿಕೊಂಡರು. ಪೆನ್‌ಡ್ರೈವ್ ಖಾಲಿ ಮಾಡಿ ನಮ್ಮ ಮದುವೆ ವಿಡಿಯೋ ಹಾಕಿದೆ — ಅಮ್ಮನಿಗೆ ಕಳಿಸಬೇಕು.

ಅ. 27, ಸೋಮವಾರ

ಬರೆಯೋಕೆ ಕೈ ಬರುತ್ತಿಲ್ಲ.

ಸಂಜೆ ಬೀದಿಯ ಹೆಂಗಸರೆಲ್ಲ ಬಂದಿದ್ದರು. ಮಾವ ಶುರು ಮಾಡಿದರು. “ಎಣ್ಣೆ ಯಾರದೋ, ಬತ್ತಿ ಯಾರದೋ…” ನಿಲ್ಲಿಸಿದರು. ನನ್ನ ಕಡೆ ನೋಡಿದರು. ನಾನು ಮುಂದಿನ ಸಾಲು ತೋರಿಸಿದೆ.

“ಇದು ನಂದು ಕಣಮ್ಮ. ನಿಮ್ದೆಲ್ಲಿ? ನಾನು ಬುಡೋ ಸಾಲು?”

“ಬುಡೋ ಸಾಲು?”

“ನಾನು ಅರ್ಧ ಹೇಳಿ ಬುಡ್ತೀನಿ. ಹೆಂಗಸ್ರು ಎತ್ಕಂತಾರೆ. ನಿಮ್ಮತ್ತೆ ಎತ್ಕೊಡೋಳು, ಇವರೆಲ್ಲ ಹಿಂದಿಂದೆ ಅನ್ನೋರು. ಅಚ್ಚಿನ ಪುಸ್ತಕದಾಗೆ ಗಂಡಸರ ಸಾಲು ಅಷ್ಟೇ ಐತೆ. ಅದಕ್ಕೇ ಅಲ್ವಾ ಅವಳು ಊರೂರು ಅಲೆದಿದ್ದು?”

ಬುಡು! ನಾನು ಅಳಿಸಿದ್ದು ಹೆಂಗಸರ ಸಾಲು. ಆ್ಯಪ್ ಅಪ್‌ಡೇಟ್ ಆಗ್ತಿದೆ ಮಾವ, ಅಂದೆ. ಸುಳ್ಳು.

“ಆಗ್ಲಿ ಬುಡು. ಮುಂದಿನ್ ವಾರ ಹಾಡಾನ.” ಕೊಬ್ಬರಿ ಸಕ್ಕರೆ ಹಂಚಿ ಎಲ್ಲರನ್ನೂ ಕಳಿಸಿದರು.

ಅ. 28

ಪೆನ್‌ಡ್ರೈವ್ ಹಿಡಿದು ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ. ಅಲ್ಲಿಯವರು ಏನೇನೋ ಓಡಿಸಿ ನೋಡಿದರು. “ಮೇಡಂ, ಮೇಲೆ ಶಾದಿ ವಿಡಿಯೋ ಕೂತಿದೆ. ಕೆಳಗಿಂದು ಖತಂ.”

ಶಿವರಂಜನಿ ಮೇಡಂ: “ಹಳೇ ಕಾಪಿಗಳೆಲ್ಲ ಉಳಿಯೋ ನಮ್ಮ ಹಿಸ್ಟರಿಯಲ್ಲಿ ನೀವು ಕ್ಲೀನ್ ಮಾಡಿ ಹಾಕಿದ್ದೇ ಮೊದಲನೆಯದು. ಮೂಲ ಫೈಲ್ ಹಾಗೇ ಮೊದಲು ಹಾಕಿ ಅಂತ ಗೈಡ್‌ನಲ್ಲಿ ಇತ್ತಲ್ಲಮ್ಮ?” ಇತ್ತು. ನಾನು ಓದಿರಲಿಲ್ಲ.

ನಾಗುಗೆ ಹೇಳಿದೆ. ಬೈಯಲಿಲ್ಲ. “ಅಮ್ಮಂದು ಅದೊಂದೇ ಇತ್ತು” ಅಂದ. ನನಗೆ ಏನಾಯಿತೋ — ಬುಡು ಅಂದಿದ್ದು ನೀವೇ, ಅಂತ ಕಿರುಚಿದೆ.

“ನಾನಂದಿದ್ದು ಲಾರಿ ವಿಷ್ಯ, ಮಾನಸ.” ಅಷ್ಟೇ. ಊಟ ಮಾಡಲಿಲ್ಲ ಇಬ್ಬರೂ.

ನ. 2, ಭಾನುವಾರ

ಅತ್ತೆಗೆ ಹೇಳಿಕೊಟ್ಟವರಲ್ಲಿ ಒಬ್ಬರು ಮಾತ್ರ ಬದುಕಿದ್ದಾರೆ. ಪೆದ್ದಮ್ಮ ಅಂತ, ಪಾವಗಡದ ಆಚೆ, ಆಂಧ್ರ ಗಡಿ. ನಾಗು, ನಾನು ಬೈಕಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವನ ಭುಜ ಹಿಡಿದುಕೊಳ್ಳಲೋ ಬೇಡವೋ ಗೊತ್ತಾಗದೆ ಸೀಟಿನ ಹಿಂದಿನ ಕಂಬಿ ಹಿಡಿದಿದ್ದೆ.

“ಕರಿಬಸಮ್ಮನ ಸೊಸೇನಾ? ರಾ ತಲ್ಲೀ, ಬಾರಮ್ಮ! ಎಂಥಾ ಬೆಳ್ಳಗವ್ಳೆ ನೋಡು, ಕಣ್ಣಿಲ್ದಿದ್ರೂ ಕಾಣ್ತಾಳೆ!” ಅಂತ ಪೆದ್ದಮ್ಮ ಕೆನ್ನೆ ಸವರಿದರು. ಎರಡು ಕಣ್ಣಿಗೂ ಪೊರೆ.

ಎಣ್ಣೆ ಯಾರದೋ ಅಂತ ನಾಗು ಹೇಳಿಕೊಟ್ಟ. ಅವರು ತಕ್ಷಣ ಎತ್ತಿಕೊಂಡರು — “ಬೆಳಕು ಕೇಳ್ತೈತೇನೋ ಶಿವನೇ!” ನಾನು ಅತ್ತುಬಿಟ್ಟೆ. ಮುಂದಿನದಕ್ಕೆ ಬರೀ ರಾಗ. ಅದರ ಮುಂದಿನದಕ್ಕೂ ರಾಗ. ತಾಳ ಹಾಕುತ್ತಾ, ತಲೆ ಆಡಿಸುತ್ತಾ… ಮಾತಿಲ್ಲ.

“ಪೋಯಿಂದಿ ತಲ್ಲೀ, ಹೋಗ್ಬುಡ್ತು. ನಿಮ್ಮತ್ತೆ ಎಲ್ಲಾ ಆ ತೊಡೆ ಮೇಲಿನ್ ಪೆಟ್ಟಿಗೆಯಾಗೆ ಹಾಕ್ಕಂಡು ಹೋದ್ಲಲ್ಲ, ಇನ್ನ ನಾನ್ಯಾಕೆ ಹೊರಬೇಕು ಅಂತ ಬುಟ್ಬುಟ್ಟೆ. ಪೆಟ್ಟಿಗೆಯಾಗೆ ಭದ್ರವಾಗೈತಲ್ಲ?”

ಐತೆ ಅಜ್ಜಿ, ಅಂದ ನಾಗು.

ನ. 3, ಸೋಮವಾರ

ಹೆಂಗಸರು ಬರುವ ಮೊದಲೇ ಮಾವನಿಗೆ ಎಲ್ಲ ಹೇಳಿದೆ. ಕೈ ಮುಗಿದುಕೊಂಡೇ ಹೇಳಿದೆ. ಫೋನನ್ನೇ ನೋಡುತ್ತಾ ಕೂತರು.

“ನಿಮಗೆ ನೆನಪಿರಬೇಕಲ್ವಾ ಮಾವ? ಅಷ್ಟು ವರ್ಷ ಕೇಳಿದ್ದೀರಿ.”

“ಹೆಂಗಸ್ರು ಅಂತಿದ್ರೆ ನಾನು ಬಾಯಿ ಬುಡಂಗಿಲ್ಲ. ಅದೇ ಪದ್ಧತಿ. ಉಸಿರು ತಗಳ್ಳೋದು.” ಫೋನ್ ಕೆಳಗಿಟ್ಟು — “ಕೇಳ್ತಿದ್ದೆ ಅಂತ ನಾನೂ ಅಂದ್ಕಂಡಿದ್ದೆ. ಇಲ್ಲ ಕಣಮ್ಮ. ಅವಳು ಅಂತಿದ್ದಾಗ ನಾನು ನನ್ ಮುಂದಿನ್ ಸಾಲು ನೆನಸ್ಕಂತಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು.

ಬಂದ ಹೆಂಗಸರನ್ನು ಕೇಳಿದೆ. ಒಬ್ಬರು: “ಅವಳು ಎತ್ಕೊಟ್ರೆ ಬರ್ತಿತ್ತು. ಈಗ ಹೆಂಗೆ ಬರ್ತೈತೆ?”

ನ. 10

ಶಿವರಂಜನಿ ಮೇಡಂ ಹೊಸ ಟ್ಯಾಗ್ ಕೊಟ್ಟಿದ್ದಾರೆ. ಸಾಲು ಕಳೆದುಹೋದ ಜಾಗಕ್ಕೆ ಹಾಕುವುದು. ಓದುವವರಿಗೆ ಮೂರು ಚುಕ್ಕಿ ಕಾಣುತ್ತದೆ. ನಾನೇ ಹಾಕುತ್ತೇನೆ ಅಂದೆ. ದಿನವಿಡೀ ಚುಕ್ಕಿ. ಪೆದ್ದಮ್ಮನ ಒಂದು ಸಾಲು ಇದೆ, ಉಳಿದದ್ದೆಲ್ಲ ಚುಕ್ಕಿ. ಎಷ್ಟೋ ಕಡೆ ಜಾಗವೂ ಗೊತ್ತಾಗುತ್ತಿಲ್ಲ — ನನ್ನ ಸ್ಕ್ರಿಪ್ಟ್ ಖಾಲಿ ಸಾಲುಗಳನ್ನೂ ಮುಚ್ಚಿಬಿಟ್ಟಿದೆ. ಅಷ್ಟು ನೀಟಾಗಿ.

ನಾಗು ಪಕ್ಕ ಬಂದು ಕೂತ. ಕೈ ಹಿಡಿದ. ಸ್ಕ್ರೀನ್ ನೋಡಿದ. ಎದ್ದು ಹೋದ.

ನ. 17, ಸೋಮವಾರ, ಸಂಜೆ 6.30

ಕಾರ್ತಿಕದ ಕೊನೆಯ ಸೋಮವಾರ. ಯಾರೂ ಬರಲಿಲ್ಲ. ಆದರೂ ಚಾಪೆ ಹಾಸಿದೆ, ದೀಪ ಹಚ್ಚಿದೆ. ಪೆದ್ದಮ್ಮನ ಒಂದು ಸಾಲಾದರೂ ನನಗೆ ಬರುತ್ತಲ್ಲ, ಬೆಳಗ್ಗೆಯಿಂದ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಮಾವ ಜಗುಲಿಯಲ್ಲೇ ಕೂತಿದ್ದರು. ಬನ್ನಿ ಮಾವ, ಹಾಡೋಣ ಅಂತ ಕರೆದೆ.

ತಿರುಗಿ ನೋಡಿದರು. ಕೋಪ ಇರಲಿಲ್ಲ. ನಿಜವಾಗಲೂ ಗೊತ್ತಾಗದವರ ಹಾಗೆ ಕೇಳಿದರು:

“ಯಾರ ಜೊತೆ?”

ನಾನು…