ಗಾರ್ಡ್ ಡಬ್ಬಿಯ ಅಕ್ಷರಗಳು

ಮಣ್ಣಗುಡ್ಡ, ಮಂಗಳೂರು
17 ಮಾರ್ಚ್ 1956

ಪ್ರೀತಿಯ ಹ್ಯೂಬರ್ಟ್,

ಇಲ್ಲಿ ಎಲ್ಲರೂ ಸೌಖ್ಯ. ಹಾಗೆ ಬರೆಯಲು ನಿಮ್ಮ ಮಾಂಯ್ ಹೇಳಿದ್ದಾರೆ, ಅತ್ತೆಯ ಮಾತೆಂದು ಬರೆದಿದ್ದೇನೆ.

ನೀವು ಬಹ್ರೇನಿನಿಂದ ಎರಡು ವಿಷಯ ಕೇಳಿದ್ದೀರಿ. ನೀವು ಬಿಡುವಿನಲ್ಲಿ ಮಾಡುವ ಪುಟ್ಟ ರೈಲಿಗೆ ಅಂಟಿಸುವ ಅಕ್ಷರ ಒಂದು. ಕಾಂಟ್ರಾಕ್ಟಿಗೆ ಇನ್ನೂ ಮೂರು ವರ್ಷ ಸಹಿ ಹಾಕುವುದೋ, ಊರಿಗೆ ಬರುವುದೋ ಎಂಬುದು ಇನ್ನೊಂದು. ಸುಲಭದ್ದನ್ನು ಮೊದಲು ಹೇಳುತ್ತೇನೆ.

ಸುಲಭ ಎಂದೆ, ಅದೂ ಸುಲಭವಿರಲಿಲ್ಲ. ಮಾವ ಗಾರ್ಡ್ ಆಗಿದ್ದ ರೈಲು ಡಬ್ಬಿಯನ್ನು ನೀವು ಅಲ್ಲಿ ಕೂತು ತಗಡಿನಲ್ಲಿ ಮಾಡಿಬಿಟ್ಟಿರಿ. ಇಲ್ಲಿ ಸೌತ್ ಇಂಡಿಯನ್ ರೈಲ್ವೆ ಹೋಗಿ ಸದರ್ನ್ ರೈಲ್ವೆಯಾದ ಮೇಲೆ ಎಲ್ಲದಕ್ಕೂ ಹೊಸ ಬಣ್ಣ, ಹೊಸ ಅಕ್ಷರ. ಹಳೆಯ ಎಸ್.ಐ.ಆರ್. ಅನ್ನು ಎಲ್ಲಿಂದ ತರಲಿ? ನನಗೆ ಹೊಳೆದದ್ದು ಮಾವನ ಸಮಾಧಿಕಲ್ಲು. ಹೆಸರಿನ ಕೆಳಗೆ ‘ಗಾರ್ಡ್, ಎಸ್.ಐ.ಆರ್.’ ಎಂದು ಕೆತ್ತಿಸಿದವರು ನೀವೇ ಅಲ್ಲವೇ? ಅದನ್ನೇ ನಕಲು ಮಾಡಿ, ಹಳದಿ ಬಣ್ಣದಲ್ಲಿ ಬರೆದು, ಒಣಗಲು ಇಟ್ಟಿದ್ದೆ. ಮಾಂಯ್ ನೋಡಿದವರೇ, ‘ಎಂತ ಮಾರಾಯ್ತಿ, ನನ್ನ ಗಂಡನನ್ನು ಇನ್ನೊಮ್ಮೆ ಹೂಳ್ತೀಯಾ?’ ಎಂದು ಬೊಬ್ಬೆ ಹಾಕಿದರು. ನಿಜವೇ. ಕಲ್ಲು ಕೆತ್ತುವವನು ಸತ್ತವರಿಗೆಲ್ಲ ಹಾಕುವ, ಮೂಲೆ ಚೂಪಾದ ಅಕ್ಷರ ಅದು. ರೈಲಿನ ಅಕ್ಷರಕ್ಕೆ ಹೊಟ್ಟೆ ಬೇಕು, ಮುಂದೆ ಚಾಚಿದ ಕಾಲು ಬೇಕು.

ಮತ್ತೆ ನಮ್ಮ ಜೋನ್‌ಳನ್ನು ಸೊಂಟದಲ್ಲಿ ಎತ್ತಿಕೊಂಡು ಸ್ಟೇಷನ್ನಿಗೆ ಹೋದೆ. ಮಗುವನ್ನು ಈಗೀಗ ಯಾರ ಹತ್ತಿರವೂ ಬಿಡುವುದಿಲ್ಲ. ಬದಿಯ ಹಳಿಯಲ್ಲಿ ಹಳೆಯ ಡಬ್ಬಿಯೊಂದು ನಿಂತಿದೆ. ಮೇಲೆ ಹೊಸ ಬಣ್ಣ. ಕೈಯಾಡಿಸಿದರೆ ಅಡಿಯಲ್ಲಿರುವ ಹಳೆಯ ಅಕ್ಷರದ ಅಂಚು ಬೆರಳಿಗೆ ತಾಗುತ್ತದೆ. ಕಾಲೇಜಿನಲ್ಲಿ ಎಲೆಯ ನರಗಳ ಅಚ್ಚು ತೆಗೆಯುತ್ತಿದ್ದ ಹಾಗೆ ತೆಳು ಕಾಗದದ ಮೇಲೆ ಪೆನ್ಸಿಲ್ ಉಜ್ಜಿದೆ. ಮೆಲ್ಲಗೆ ಎಸ್ ಎದ್ದು ಬಂತು! ಪೋರ್ಟರ್ ಮೂಸಬ್ಬ ಕಾಗದ ಹಿಡಿದುಕೊಂಡು, ‘ಎಂತಮ್ಮ, ರೈಲಿಗೆ ಅಳತೆ ತೆಗೆಯುವುದಾ? ಅಂಗಿ ಹೊಲಿಸ್ಲಿಕ್ಕುಂಟಾ?’ ಎಂದು ನಗಾಡಿದರು. ನಾನೂ ನಕ್ಕೆ. ಮಗುವನ್ನು ಕೆಳಗೆ ಇಳಿಸಿ ಎಂದರು, ಇಳಿಸಲಿಲ್ಲ. ಒಂದೇ ಕೈಯಲ್ಲಿ ಉಜ್ಜಿದ್ದಕ್ಕೆ ಆರ್‌ನ ಕಾಲು ಸ್ವಲ್ಪ ನಡುಗಿದೆ, ಕ್ಷಮಿಸಿ.

ಆ ಅಚ್ಚು ನೋಡಿ ಬರೆದ ಅಕ್ಷರಗಳನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ: ಗೋಂದು ಬಳಿದ ಕಾಗದ, ಅದರ ಮೇಲೆ ವಾರ್ನಿಶ್, ಅದರ ಮೇಲೆ ಅಕ್ಷರ. ನೀರಿನಲ್ಲಿ ನೆನೆಸಿದರೆ ಅಕ್ಷರ ಕಾಗದ ಬಿಟ್ಟು ಜಾರುತ್ತದೆ. ತಗಡಿನ ಮೇಲೆ ಇಟ್ಟು ಒದ್ದೆ ಬಟ್ಟೆಯಿಂದ ಒತ್ತಿ. ಎಳೆಯಬೇಡಿ, ಹರಿಯುತ್ತದೆ.

ಇನ್ನು ಸಹಿಯ ವಿಷಯ. ನಿಮ್ಮ ತಂಗಿ ರೊಸಾಲಿನ್‌ಳ ಮದುವೆಯಾಗುವವರೆಗೆ ನೀವು ಅಲ್ಲಿರುವುದೇ ಒಳ್ಳೆಯದೆಂದು ಮಾಂಯ್ ಹೇಳುತ್ತಾರೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಸಹಿ ಹಾಕಿ. ನಾನು ಧೈರ್ಯವಾಗಿದ್ದೇನೆ. ನಿದ್ದೆ ಸ್ವಲ್ಪ ಕಡಿಮೆ, ಅಷ್ಟೇ. ಜೋನ್‌ಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವುದೊಂದು ಅಭ್ಯಾಸವಾಗಿದೆ. ‘ಮಲಗ್ಲಿಕ್ಕೆ ಬಿಡು ಅತ್ತಿಗೆ, ಅವಳೇನು ಚಿಮಣಿ ದೀಪವಾ ಆರಿ ಹೋಗ್ಲಿಕ್ಕೆ?’ ಎಂದು ರೊಸಾಲಿನ್ ತಮಾಷೆ ಮಾಡುತ್ತಾಳೆ.

ಈಗ ಅವಳು ಇದನ್ನು ಮಾಂಯ್‌ಗೆ ಓದಿ ಹೇಳಬೇಕು. ಅವರು ಲಕೋಟೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದ ಮೇಲೆಯೇ ಪೋಸ್ಟಿಗೆ ಹೋಗುವುದು, ನಿಮಗೆ ಗೊತ್ತುಂಟಲ್ಲ.

ನಿಮ್ಮವಳೇ ಆದ
ಎವ್ಲಿನ್

ತಾ. ಕ.: ಪೋಸ್ಟಾಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ, ಇದನ್ನು ಮಾಂಯ್ ಕೇಳಿಲ್ಲ. ಕಳೆದ ತಿಂಗಳು ಜ್ವರ ಏರಿ ಜೋನ್‌ಗೆ ಫಿಟ್ಸ್ ಬಂತು. ನನ್ನ ಕೈಯಲ್ಲೇ ಕಣ್ಣು ಮೇಲೆ ಹೋಯಿತು, ಮೈ ಸೆಟೆಯಿತು. ಹೆದರುವಂಥದ್ದೇನಿಲ್ಲ ಎಂದರು ಡಾಕ್ಟರು. ‘ಹುಡುಗ ಅಲ್ಲಿ ಒಬ್ಬನೇ, ಬರೆಯಬೇಡ’ ಎಂದರು ಮಾಂಯ್. ನಾನು ಧೈರ್ಯವಾಗಿಲ್ಲ. ಸಹಿ ಹಾಕಬೇಡಿ. ಅಕ್ಷರಗಳನ್ನು ಲಕೋಟೆಯಿಂದ ತೆಗೆದು ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಡಬ್ಬಿಯನ್ನು ಇಲ್ಲಿಗೆ ತನ್ನಿ, ಒಟ್ಟಿಗೆ ಅಂಟಿಸುವ.