ನಲವತ್ತು ಹಾಳೆಯ ಕಳ್ಳಿ

ಗುರುವಾರ, 14ನೇ ತಾರೀಕು

ನನ್ನ ಪುಟ್ಟಿಗೆ ಅಕ್ಕನ ಮುದ್ದು, ಆಶೀರ್ವಾದ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದಿದ್ದಕ್ಕೆ ಬೈದುಕೋ, ಆದರೆ ಮನಸ್ಸಿನಲ್ಲೇ ಬೈದುಕೋ. ನೀನೋ ಈ ಸಲ ಟೈಪ್ ಮಾಡಿ ಕಳಿಸಿದ್ದೀಯ! ಏನು ದೊಡ್ಡಸ್ತಿಕೆಯೋ ಮಹಾರಾಯ್ತಿದು ಎಂದು ನಕ್ಕು, ಹೊಲಿಗೆ ಮಿಷನ್ನಿನ ಡ್ರಾಯರ್‌ನಲ್ಲಿಟ್ಟೆ.

ಈ ಎರಡು ತಿಂಗಳು ನಾನು ದೇವರ ಮುಖ ನೋಡಿರಲಿಲ್ಲ ಕಣೇ. ನಿನ್ನ ಭಾವ ಹೋದ ಮೇಲೆ ಲಕ್ಷ ರಾಮನಾಮ ಬರೆಯುವ ವ್ರತ ಹಿಡಿದಿದ್ದೆನಲ್ಲ, ದಿನಾ ಅಂಗಡಿ ತೆರೆಯುವ ಮೊದಲು, ಸ್ವಂತ ಕೈಯಲ್ಲಿ. ಬಿಡಿ ಹಾಳೆಗಳು ತುಂಬಿದ ಮೇಲೆ ನಾನೇ ಹೊಲಿದು ಪುಸ್ತಕ ಮಾಡುವುದು. ಹೊಸ ಕನ್ನಡಕ ಬಂದ ದಿನ ಇನ್ನೊಂದು ಪುಸ್ತಕ ಹೊಲಿಯಲು ಕೂತು ನೋಡುತ್ತೇನೆ, ನಲವತ್ತು ಹಾಳೆ ಯಾರದೋ ಅಕ್ಷರ! ಸೊಟ್ಟಪಟ್ಟ, ಗೆರೆ ಬಿಟ್ಟು ಇಳಿದವು.

ಮನೆಯಲ್ಲಿ ಇನ್ಯಾರಿದ್ದಾರೆ? ಮಗ ದೇವರ ಕೋಣೆಗೆ ಕಾಲಿಡುವವನಲ್ಲ. ಸೊಸೆ ಮಾತ್ರ ಒಮ್ಮೆ, “ಅತ್ತೆ, ನಾನೂ ಒಂದು ಪುಟ ಬರೀಲಾ?” ಎಂದು ಕೇಳಿದ್ದಳು. ನನ್ನ ಹಾಳೆಗಳ ಮೇಲೆ ಏನೋ ಚೆಲ್ಲಿ, ಎಸೆದು, ತಾನೇ ಗೀಚಿಟ್ಟಿದ್ದಾಳೆ ಎಂದು ತೀರ್ಮಾನಿಸಿಬಿಟ್ಟೆ. ಅವಳು ಲೋಟ ಇಟ್ಟರೂ ಸದ್ದು ಕೇಳಿಸಿಕೊಂಡೆ, ನಕ್ಕರೂ ಯಾಕೆ ನಕ್ಕಳು ಎಂದು ಲೆಕ್ಕ ಹಾಕಿದೆ. ಉಳಿದ ಹಾಳೆಗಳ ನಡುವೆ ಕಚ್ಚಾ ಹೊಲಿಗೆಯ ದಾರ ಸಿಕ್ಕಿಸಿಟ್ಟೆ, ಮುಟ್ಟಿದರೆ ಕಡಿಯಲಿ ಎಂದು. ದಾರ ಕಡಿಯಲಿಲ್ಲ. ಎಷ್ಟು ಹುಷಾರಿ ನೋಡು ಎಂದು ಇನ್ನೂ ಉರಿದೆ! ಕೊನೆಗೆ ಮುಖಕ್ಕೆ ಹೊಡೆದ ಹಾಗೆ, “ಕಳ್ಳಿ!” ಎಂದೂ ಅಂದುಬಿಟ್ಟೆ. ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಸೇವೆ ಬೇಡವೆಂದು ದೇವರೇ ತಳ್ಳಿದನೇನೋ ಅನ್ನಿಸಿತು. ದೀಪ ಹಚ್ಚಲಿಲ್ಲ. ಅಂಗಡಿಯಲ್ಲೂ ಹೊಸ ಅಳತೆ ತೆಗೆಯಲಿಲ್ಲ, ಹರಿದದ್ದನ್ನು ಹೊಲಿದು ಕೊಟ್ಟೆ, ಅಷ್ಟೆ. ಬದುಕಿ ಏನಾಗಬೇಕು ಎಂದು ಕತ್ತರಿ ಹಿಡಿದು ಸುಮ್ಮನೆ ಕೂತ ಮಧ್ಯಾಹ್ನಗಳೂ ಇದ್ದವು.

ಮೊನ್ನೆ ಬ್ಯಾಂಕಿನಾಕೆ ನಾನು ಹಿಂದೆ ಹೊಲಿದು ಕೊಟ್ಟ ಕೋಟು ತಂದು, “ತೋಳು ಉದ್ದ ಆಗಿದೆ ನೋಡಿ” ಎಂದು ಜಗಳಕ್ಕೆ ನಿಂತಳು. ತಪ್ಪು ಅವಳದೇ ಎಂದು ತೋರಿಸಲು ಅಳತೆ ಪುಸ್ತಕ ತೆಗೆದೆ. ಅದನ್ನು ನನ್ನ ಬಿಟ್ಟು ನರಪಿಳ್ಳೆಯೂ ಮುಟ್ಟುವುದಿಲ್ಲ. ಅಲ್ಲೂ ಅದೇ ಸೊಟ್ಟ ಅಕ್ಷರ, ಪುಟ್ಟಿ. ನನ್ನದೇ. ಬೆರಳು ನಡುಗುವುದು ಗೊತ್ತಿತ್ತು, ಚಳಿಗೆ ಅಂದುಕೊಂಡಿದ್ದೆ; ಅಕ್ಷರ ಸೊಟ್ಟಗಾದದ್ದು ಹಳೇ ಕನ್ನಡಕದಲ್ಲಿ ಕಂಡೇ ಇರಲಿಲ್ಲ.

ಅಳತೆ ಪುಸ್ತಕ ಹಿಡಿದು ಸೊಸೆಯ ಮುಂದೆ ಹೋಗಿ ನಿಂತೆ. ಅವಳು, “ನಂಗೆ ಗೊತ್ತಿತ್ತು ಅತ್ತೆ. ಹೇಳಿದ್ರೆ ತಡ್ಕೊಳ್ತಿದ್ರಾ? ನನ್ನ ಬೈಕೊಂಡಾದ್ರೂ ಇರ್ಲಿ ಅಂತ ಸುಮ್ನಿದ್ದೆ” ಎಂದಳು. ನಾನು ಗೊಳೋ ಎಂದು ಅತ್ತೆ. ವ್ರತ ಕೆಟ್ಟಿತಲ್ಲೇ ಎಂದರೆ, “ಯಾಕೆ, ಸೊಟ್ಟಗೆ ಬರೆದ್ರೆ ರಾಮನಿಗೆ ಓದೋಕೆ ಬರಲ್ವಾ?” ಎಂದು ಗದರಿದಳು. ಅಳುವಿನಲ್ಲೂ ನಗು ಬಂತು. ಅವತ್ತೇ ದೀಪ ಹಚ್ಚಿದೆ. ಈಗ ದಿನಕ್ಕೆ ಹತ್ತೇ ನಾಮ, ಅಂಕುಡೊಂಕಾದರೂ ನನ್ನದೇ ಕೈ.

ಇದನ್ನೆಲ್ಲ ಅವಳೇ ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ‘ಕಳ್ಳಿ’ ಎಂದು ಬರೆಯುವಾಗ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ತಪ್ಪಾಯ್ತು ಕಣಮ್ಮ ಎಂದೆ, ಅದನ್ನೂ ಬರಿ ಎಂದೆ.

ಮಕ್ಕಳೊಂದಿಗೆ ತಣ್ಣಗಿರು.

ನಿನ್ನ ಅಕ್ಕ

ಮರೆತ ಮಾತು: ಸೊಸೆ ಒಳಗೆ ಹೋದಳು. ಇದು ನನ್ನ ಕೈಬರಹ, ನಿಧಾನಕ್ಕೆ ಓದಿಕೋ. ಅಮ್ಮ ಕೊನೆಕೊನೆಗೆ ತಟ್ಟೆ ಬೀಳಿಸುತ್ತಿದ್ದಳಲ್ಲ, “ಬೇಕಂತಲೇ ಬೀಳಿಸ್ತಾಳೆ” ಎಂದು ನಾವಿಬ್ಬರೂ ಅವಳ ಎದುರಿಗೇ ಅಂದಿದ್ದೆವು. ಅವಳೂ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಕೈಯೂ ನನ್ನದರ ಹಾಗೇ ಇತ್ತೇನೋ. ನಿನ್ನೆ ನಿನ್ನ ಕಾಗದ ಮತ್ತೆ ತೆಗೆದು ನೋಡಿದೆ. ಸಹಿ ಕೂಡ ಟೈಪ್ ಮಾಡಿದ್ದೀಯ. ಪುಟ್ಟಿ, ಎರಡೇ ಸಾಲು, ಕೈಯಲ್ಲಿ ಬರೆದು ಕಳಿಸು.